ಲೇಬಲ್‌ನಲ್ಲಿ ಇರದ ಅಮೋನಿಯಾ: ಒಂದು ಮಾಂಸದ ಕಂಪನಿಯ ಪ್ರಕರಣ

2012ರ ಮಾರ್ಚ್‌ನಲ್ಲಿ ಅಮೆರಿಕದ ಒಂದು ಮಾಂಸದ ಕಂಪನಿ ತನ್ನ ನಾಲ್ಕು ಕಾರ್ಖಾನೆಗಳಲ್ಲಿ ಮೂರನ್ನು ನಿಲ್ಲಿಸಿತು. ಟಿವಿಯಲ್ಲಿ ಅದರ ಬಗ್ಗೆ ಮೊದಲ ವರದಿ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಆ ಮಾಂಸದಿಂದ ಕಾಯಿಲೆ ಹರಡಿದ ಒಂದೇ ಒಂದು ಪ್ರಕರಣವೂ ಸಾಬೀತಾಗಿರಲಿಲ್ಲ, ಸರ್ಕಾರವೂ ಮಾರಾಟ ನಿಲ್ಲಿಸಿ ಅಂದಿರಲಿಲ್ಲ. ಆದರೂ ಗಿರಾಕಿಗಳು ಓಡಿಹೋದರು.

ಯಾಕೆ ಹೀಗಾಯಿತು ಅನ್ನುವುದು ಆಹಾರ ತಯಾರಿಸುವವರಿಗೂ, ಅದನ್ನು ತಪಾಸಣೆ ಮಾಡುವವರಿಗೂ, ಅದರ ಬಗ್ಗೆ ಬರೆಯುವವರಿಗೂ ಗೊತ್ತಿರಬೇಕಾದ ವಿಷಯ. ಬೀಫ್ ತಿನ್ನದವರೂ ಓದಬಹುದು. ಇಲ್ಲಿನ ಪ್ರಶ್ನೆ ನಾಳೆ ಹಾಲಿಗೂ ಬರಬಹುದು, ಬ್ರೆಡ್ಡಿಗೂ ಬರಬಹುದು. ಕಂಪನಿ, ಚಾನೆಲ್, ವ್ಯಕ್ತಿಗಳ ಹೆಸರು ಹಾಕಿಲ್ಲ. ಇದು ದೊಡ್ಡ ಸುದ್ದಿಯಾಗಿದ್ದರಿಂದ ಕೆಲವರಿಗೆ ಹೊಳೆಯುತ್ತದೆ. ಹೊಳೆಯಲಿ, ಆದರೆ ಇಲ್ಲಿ ಬೇಕಿರುವುದು ಯಾರು ಅನ್ನುವುದಲ್ಲ, ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಅನ್ನುವುದು.

ಹಿನ್ನೆಲೆ

ದನದ ಮಾಂಸವನ್ನು ಸ್ಟೇಕ್, ರೋಸ್ಟ್ ಅನ್ನುವ ದೊಡ್ಡ ತುಂಡುಗಳಿಗೆ ಅಂತ ಕತ್ತರಿಸುವಾಗ ಅಂಚಿನ ತುಣುಕುಗಳು ಉಳಿಯುತ್ತವೆ. ಅವುಗಳಲ್ಲಿ ಕೊಬ್ಬೇ ಜಾಸ್ತಿ, ನಡುನಡುವೆ ಒಂದಿಷ್ಟು ಮಾಂಸ. ಕೈಯಲ್ಲಿ ಚಾಕು ಹಿಡಿದು ಆ ಮಾಂಸವನ್ನು ಬಿಡಿಸಲು ಹೋದರೆ ಕೂಲಿಯೂ ಹುಟ್ಟುವುದಿಲ್ಲ. ಹಿಂದೆ ಇಂಥ ತುಣುಕುಗಳು ಅಡುಗೆ ಕೊಬ್ಬಿಗೆ, ಸಾಕುಪ್ರಾಣಿಗಳ ಆಹಾರಕ್ಕೆ ಹೋಗುತ್ತಿದ್ದವು.

ನಮ್ಮ ಕಥೆಯ ಕಂಪನಿಯ ಸ್ಥಾಪಕ ಮೂಲತಃ ಯಂತ್ರಗಳ ಮನುಷ್ಯ. ಮಾಂಸವನ್ನು ಬೇಗ ಹೆಪ್ಪುಗಟ್ಟಿಸುವ ಯಂತ್ರ ಮಾಡಿ ಈ ಧಂದೆಗೆ ಬಂದವರು. 1990ರ ದಶಕದ ಆರಂಭದಲ್ಲಿ ಅವರ ಕಂಪನಿ ಈ ತುಣುಕುಗಳಿಗೆ ಒಂದು ದಾರಿ ಕಂಡುಕೊಂಡಿತು. ತುಣುಕುಗಳನ್ನು ಹೆಚ್ಚುಕಮ್ಮಿ ದನದ ಮೈಬಿಸಿಯಷ್ಟು, ಅಂದರೆ ಸುಮಾರು 38 ಡಿಗ್ರಿಗೆ ಬಿಸಿ ಮಾಡುವುದು. ಕೊಬ್ಬು ಮೆದುವಾಗುತ್ತದೆ. ಆಮೇಲೆ ಜೋರಾಗಿ ತಿರುಗುವ ಯಂತ್ರಕ್ಕೆ ಹಾಕುವುದು. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವ ಹಾಗೆ ಕೊಬ್ಬು ಒಂದು ಕಡೆ, ಮಾಂಸ ಒಂದು ಕಡೆ ಆಗುತ್ತದೆ. ಕೊನೆಗೆ ಸಿಗುವುದು ಶೇ. 94ಕ್ಕಿಂತ ಜಾಸ್ತಿ ಕೊಬ್ಬಿಲ್ಲದ, ತುಂಬ ನುಣುಪಾದ ಬೀಫ್. ಅದನ್ನು ಹೆಪ್ಪುಗಟ್ಟಿಸಿ ಪೆಟ್ಟಿಗೆಗೆ ತುಂಬಿ ಕೀಮಾ ಮಾಡುವವರಿಗೆ ಮಾರುತ್ತಿದ್ದರು. ಅವರು ಮಾಮೂಲಿ ಕೀಮಾಕ್ಕೆ ಶೇ. 15ರವರೆಗೂ ಇದನ್ನು ಬೆರೆಸುತ್ತಿದ್ದರು. ಕೊಬ್ಬು ಕಡಿಮೆಯಾಗುತ್ತಿತ್ತು, ಬೆಲೆಯೂ ಇಳಿಯುತ್ತಿತ್ತು.

ಇದರಲ್ಲಿ ಒಂದು ಅಪಾಯ ಇತ್ತು. ಇ. ಕೋಲಿಯಂಥ ರೋಗಾಣು ಇರುವುದು ದನದ ಕರುಳಿನಲ್ಲಿ, ಸಗಣಿ ಅಂಟಿದ ಚರ್ಮದ ಮೇಲೆ. ಚರ್ಮ ಸುಲಿಯುವಾಗ ಅದು ಮಾಂಸದ ಹೊರಮೈಗೆ ಹತ್ತುತ್ತದೆ. ಅಂಚಿನ ತುಣುಕು ಅಂದರೆ ಹೆಚ್ಚಾಗಿ ಆ ಹೊರಮೈಯೇ. ಇಡೀ ಸ್ಟೇಕ್ ಆದರೆ ಹೊರಗೆ ಕುಳಿತ ರೋಗಾಣು ಹೆಂಚಿನ ಬಿಸಿಗೆ ಸಾಯುತ್ತದೆ. ಅರೆದ ಮಾಂಸದಲ್ಲಿ ಹೊರಗಿನದು ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಕೀಮಾವನ್ನು ಒಳಗೂ 71 ಡಿಗ್ರಿ ಬರುವವರೆಗೆ ಬೇಯಿಸಿ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುವುದು.

1993ರಲ್ಲಿ ಅಲ್ಲಿನ ಒಂದು ಬರ್ಗರ್ ಸರಣಿಯ ಅರೆಬೆಂದ ಬರ್ಗರ್‌ನಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತರು. ಮರುವರ್ಷ ಸರ್ಕಾರ ಇ. ಕೋಲಿಯ ಅಪಾಯಕಾರಿ ತಳಿ ಒ157:ಎಚ್7 ಇರುವ ಕೀಮಾವನ್ನು ಕಲಬೆರಕೆ ಅಂತಲೇ ಘೋಷಿಸಿತು. ಆಮೇಲೆ ಇಡೀ ಉದ್ಯಮಕ್ಕೆ ರೋಗಾಣು ಕೊಲ್ಲುವ ಉಪಾಯ ಬೇಕಾಯಿತು.

ಈ ಕಂಪನಿ ಹುಡುಕಿದ ಉಪಾಯ ಅಮೋನಿಯಾ. ಮಾಂಸ ಸಹಜವಾಗಿ ಸ್ವಲ್ಪ ಆಮ್ಲೀಯ. ಅದಕ್ಕೆ ಒಂದಿಷ್ಟು ಅಮೋನಿಯಾ ಅನಿಲ ಹಾಯಿಸಿದರೆ ಅದು ಮಾಂಸದ ನೀರಿನಂಶದ ಜೊತೆ ಸೇರಿ ಅಮೋನಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಮಾಂಸ ಕ್ಷಾರದ ಕಡೆ ತಿರುಗುತ್ತದೆ. ಆ ವಾತಾವರಣದಲ್ಲಿ ಇ. ಕೋಲಿಯೂ ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ರೋಗಾಣುವೂ ಉಳಿಯುವುದು ಕಷ್ಟ. ಅಮೋನಿಯಂ ಹೈಡ್ರಾಕ್ಸೈಡ್ ಹೊಸದೇನಲ್ಲ. ಚೀಸ್, ಚಾಕೊಲೇಟ್, ಬೇಕರಿ ತಿನಿಸುಗಳಲ್ಲಿ ಅದರ ಬಳಕೆಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) 1974ರಲ್ಲೇ ಒಪ್ಪಿತ್ತು. ಮಾಂಸದ ಈ ವಿಧಾನಕ್ಕೆ ಕೃಷಿ ಇಲಾಖೆ 2001ರಲ್ಲಿ ಒಪ್ಪಿಗೆ ಕೊಟ್ಟಿತು.

ಮೊದಲ ತಿರುವು: ಪೊಟ್ಟಣದ ಮೇಲೆ ಏನು ಬರೆಯಬೇಕು?

ಏನೂ ಬೇಡ ಅಂತ ತೀರ್ಮಾನವಾಯಿತು. ಅಮೋನಿಯಾವನ್ನು ಪದಾರ್ಥ ಅಂತ ಲೆಕ್ಕಕ್ಕೆ ತೆಗೆದುಕೊಳ್ಳದೆ ತಯಾರಿಕೆಯ ನೆರವಿಗೆ ಬಳಸುವ ವಸ್ತು ಅಂತ ಪರಿಗಣಿಸಿದರು. ಹಾಗಾಗಿ ಅದು ಪಟ್ಟಿಯಲ್ಲಿ ಬರಬೇಕಿಲ್ಲ. ಮಾಂಸವೂ ಬೀಫೇ ತಾನೇ, ಹಾಗಾಗಿ ಬೆರೆಸಿದ ಕೀಮಾ ಕೂಡ ಬರೀ ಕೀಮಾ.

ಕಾನೂನಿನ ಮಾತಾಗಿ ಇದು ಸರಿಯಾಗಿಯೇ ಇತ್ತು. ಕಂಪನಿ ಏನನ್ನೂ ಕದ್ದುಮುಚ್ಚಿ ಮಾಡಲಿಲ್ಲ, ಎಲ್ಲವೂ ಇಲಾಖೆಯ ಕಡತದಲ್ಲಿತ್ತು. ಆದರೆ ಕೊಳ್ಳುವವಳ ಕೈಯಲ್ಲಿ ಇರುವುದು ಪೊಟ್ಟಣ, ಕಡತ ಅಲ್ಲ.

ಇಲಾಖೆಯ ಒಳಗೇ ಇದಕ್ಕೆ ಅಪಸ್ವರ ಇತ್ತು. 2002ರಲ್ಲಿ ಅಲ್ಲಿನ ಒಬ್ಬ ಸೂಕ್ಷ್ಮಜೀವಿ ತಜ್ಞ ಸಹೋದ್ಯೋಗಿಗಳಿಗೆ ಇಮೇಲ್ ಬರೆದರು. ಇದನ್ನು ಕೀಮಾ ಅಂತ ನಾನು ಒಪ್ಪುವುದಿಲ್ಲ, ಕೀಮಾದಲ್ಲಿ ಬೆರೆಸಲು ಬಿಡುವುದು ಲೇಬಲ್‌ನಲ್ಲಿ ಮೋಸ ಮಾಡಿದ ಹಾಗೆ ಅನ್ನುವುದು ಅದರ ಸಾರ. 'ಪಿಂಕ್ ಸ್ಲೈಮ್', ಅಂದರೆ ಗುಲಾಬಿ ಲೋಳೆ ಅನ್ನುವ ಅಡ್ಡಹೆಸರು ಮೊದಲು ಬಂದದ್ದು ಆ ಇಮೇಲ್‌ನಲ್ಲೇ. ಅವರ ತಕರಾರನ್ನು ಇನ್ನೊಮ್ಮೆ ಓದಿ. ತಿಂದರೆ ಕಾಯಿಲೆ ಬರುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಹೇಳದೆ ಬೆರೆಸುತ್ತಿದ್ದಾರೆ ಅನ್ನುವುದಿದೆ. ಹತ್ತು ವರ್ಷ ಆದ ಮೇಲೆ ದೇಶವೆಲ್ಲ ಕೂಗಿದ್ದು ಸುರಕ್ಷತೆಯ ಹೆಸರಿನಲ್ಲಿ. ಒಳಗಿದ್ದ ಸಿಟ್ಟು ಮಾತ್ರ ಈ ಇಮೇಲ್‌ನದ್ದೇ ಅಂತ ನನ್ನ ಲೆಕ್ಕ.

ಎರಡನೆಯ ತಿರುವು: ವಾಸನೆ

ಇಲ್ಲಿ ಮಾತ್ರ ನಿಜವಾದ ಸುರಕ್ಷತೆಯ ಪ್ರಶ್ನೆ ಇದೆ. ಟಿವಿಯ ಗಲಾಟೆಯಲ್ಲಿ ಇದು ಮೂಲೆಗೆ ಹೋಯಿತು.

2003ರಲ್ಲಿ ಜಾರ್ಜಿಯಾ ರಾಜ್ಯದ ಜೈಲಿನ ಅಡುಗೆಯವರು ಹೆಪ್ಪುಗಟ್ಟಿದ ಮಾಂಸದ ಪೆಟ್ಟಿಗೆ ತೆರೆದಾಗ ಅಮೋನಿಯಾ ಘಾಟು ಮೂಗಿಗೆ ಹೊಡೆಯಿತು. ಸುಮಾರು 3,000 ಕಿಲೋ ಮಾಂಸ ವಾಪಸ್ ಹೋಯಿತು. ಇಂಥ ದೂರುಗಳ ನಂತರ ಕಂಪನಿ ಕ್ಷಾರದ ಮಟ್ಟ ಇಳಿಸಿತು. ವ್ಯಾಪಾರದ ದೃಷ್ಟಿಯಲ್ಲಿ ಸಹಜವಾದ ತೀರ್ಮಾನ. ಆದರೆ ಒಪ್ಪಿಗೆ ಸಿಕ್ಕಿದ್ದು ಜಾಸ್ತಿ ಮಟ್ಟದ ಮೇಲೆ ಮಾಡಿದ ಪರೀಕ್ಷೆಗಳಿಗೆ. ಮಟ್ಟ ಇಳಿದರೆ ರೋಗಾಣು ಅಷ್ಟೇ ಸಾಯುತ್ತದಾ?

ಇದರ ನಡುವೆ 2007ರಲ್ಲಿ ಕೃಷಿ ಇಲಾಖೆ ಕೀಮಾದ ರೋಗಾಣು ತಪಾಸಣೆಯನ್ನು ಬಿಗಿ ಮಾಡಿತು. ಆದರೆ ಈ ಕಂಪನಿಯ ವಿಧಾನ ಅಷ್ಟು ಚೆನ್ನಾಗಿದೆ ಅಂತ ಅದಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಇಲಾಖೆಯದೇ ಇನ್ನೊಂದು ವಿಭಾಗ, ಶಾಲಾ ಊಟದ ಕಾರ್ಯಕ್ರಮ ನಡೆಸುವವರು, ತಮ್ಮ ಪಾಡಿಗೆ ತಾವು ಪರೀಕ್ಷೆ ಮಾಡುತ್ತಲೇ ಇದ್ದರು. 2005ರಿಂದ 2009ರೊಳಗೆ ಅವರಿಗೆ ಈ ಕಂಪನಿಯ ಮಾಂಸದಲ್ಲಿ 3 ಸಲ ಇ. ಕೋಲಿ, 48 ಸಲ ಸಾಲ್ಮೊನೆಲ್ಲಾ ಸಿಕ್ಕಿತು. 2009ರ ಆಗಸ್ಟ್‌ನಲ್ಲಿ ಒಂದರ ಹಿಂದೊಂದು ಎರಡು ದೊಡ್ಡ ಲಾಟ್, ತಲಾ 12,000 ಕಿಲೋ, ಸಿಕ್ಕಿಬಿದ್ದವು. ಯಾವುದೂ ಮಕ್ಕಳ ತಟ್ಟೆಗೆ ಹೋಗಲಿಲ್ಲ, ಮೊದಲೇ ತಡೆದರು. ಒಂದು ವಿಭಾಗ ಪರೀಕ್ಷೆಯೇ ಬೇಡ ಅನ್ನುತ್ತಿರುವಾಗ ಪಕ್ಕದ ವಿಭಾಗದ ಬಳಿ ಈ ಲೆಕ್ಕ ಇತ್ತು. ಇಬ್ಬರೂ ಒಂದೇ ಇಲಾಖೆ!

ಶಾಲೆಗಳು ಇದನ್ನು ಕೊಂಡದ್ದಾದರೂ ಯಾಕೆ? ಒಂದು ಪೌಂಡ್ ಕೀಮಾಕ್ಕೆ ಸುಮಾರು 3 ಸೆಂಟ್ ಉಳಿಯುತ್ತಿತ್ತು.

2009ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕ್‌ನ ಒಂದು ದಿನಪತ್ರಿಕೆ ಇದನ್ನೆಲ್ಲ ದಾಖಲೆ ಸಮೇತ ಬರೆಯಿತು. ಇಲಾಖೆ ವಿನಾಯಿತಿ ಹಿಂತೆಗೆದುಕೊಂಡಿತು. ಕಂಪನಿಯೂ ತಪಾಸಣೆ ಬಿಗಿಗೊಳಿಸಿತು. ಮುಂದೆ ಇ. ಕೋಲಿಯ ಬೇರೆ ಅಪಾಯಕಾರಿ ತಳಿಗಳಿಗೂ ಸರ್ಕಾರ ಕೇಳುವ ಮೊದಲೇ ಪರೀಕ್ಷೆ ಶುರು ಮಾಡಿತು. ಅಂದರೆ ನಿಜವಾದ ದೋಷ ಹೊರಬಂತು, ಬಹುಪಾಲು ಸರಿಯೂ ಆಯಿತು. ವಿಚಿತ್ರ ಅಂದರೆ ಆಗ ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಸಾಲ್ಮೊನೆಲ್ಲಾ ಲೆಕ್ಕ ಓದಿ ಯಾರೂ ಅಂಗಡಿಯಿಂದ ಓಡಲಿಲ್ಲ.

ಆದರೆ ಆ ಲೇಖನದ ಜೊತೆಗೆ ಹಳೆಯ ಇಮೇಲ್‌ನ ಅಡ್ಡಹೆಸರೂ ಹೊರಬಂದಿತ್ತು. ಕಂಪನಿಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಪೊಟ್ಟಣದ ಮೇಲೆ ಒಂದು ಸಾಲು ಬರೆಸಬಹುದಿತ್ತು. ಎರಡು ವರ್ಷ ಕಳೆಯಿತು, ಲೇಬಲ್ ಹಾಗೇ ಇತ್ತು.

ಮೂರನೆಯ ತಿರುವು: 2012ರ ಮಾರ್ಚ್

2011ರ ಏಪ್ರಿಲ್‌ನಲ್ಲಿ ಒಬ್ಬ ಜನಪ್ರಿಯ ಟಿವಿ ಅಡುಗೆಯವರು ತಮ್ಮ ಕಾರ್ಯಕ್ರಮದಲ್ಲಿ ತುಣುಕುಗಳನ್ನು ಬಟ್ಟೆ ಒಗೆಯುವ ಯಂತ್ರದಲ್ಲಿ ತಿರುಗಿಸಿ, ಮನೆಯಲ್ಲಿ ನೆಲ ಒರೆಸಲು ಬಳಸುವ ಅಮೋನಿಯಾ ಸುರಿದು ತೋರಿಸಿದರು. ಕಾರ್ಖಾನೆಯಲ್ಲಿ ನಡೆಯುವುದು ಹಾಗಲ್ಲ. ಅಲ್ಲಿ ಹಾಯಿಸುವುದು ಅನಿಲ, ಅದೂ ಅಳತೆ ಮಾಡಿ. ಆದರೆ ನೋಡಿದವರಿಗೆ ನೆನಪಿನಲ್ಲಿ ಉಳಿದದ್ದು ಸುರಿಯುವ ಬಾಟಲಿ. 2012ರ ಆರಂಭದ ಹೊತ್ತಿಗೆ ಮೂರು ದೊಡ್ಡ ಫಾಸ್ಟ್‌ಫುಡ್ ಸರಣಿಗಳು ಈ ಮಾಂಸ ಬಿಟ್ಟಿದ್ದವು.

ಮಾರ್ಚ್ 7ರಂದು ಒಂದು ರಾಷ್ಟ್ರೀಯ ಚಾನೆಲ್‌ನ ಸಂಜೆ ಸುದ್ದಿಯಲ್ಲಿ ಮೊದಲ ವರದಿ ಬಂತು. ಹಳೆಯ ಇಮೇಲ್ ಬರೆದಿದ್ದ ತಜ್ಞ, ಈಗ ಕೆಲಸ ಬಿಟ್ಟವರು, ಕ್ಯಾಮೆರಾ ಮುಂದೆ ಮಾತಾಡಿದರು. ಸೂಪರ್ ಮಾರ್ಕೆಟ್‌ಗಳ ಕೀಮಾದಲ್ಲಿ ಶೇ. 70ರಷ್ಟರಲ್ಲಿ ಇದು ಇದೆ ಅನ್ನುವ ಮಾತು ಎಲ್ಲರನ್ನೂ ತಟ್ಟಿತು. ಚಾನೆಲ್ ದಿನಗಟ್ಟಲೆ ಆ ಅಡ್ಡಹೆಸರನ್ನೇ ಹೇಳಿತು. ಅದೇ ಹೊತ್ತಿಗೆ ಟೆಕ್ಸಾಸ್‌ನ ಹ್ಯೂಸ್ಟನ್‌ನ ತಾಯಿಯೊಬ್ಬರು ಶಾಲೆಯ ಊಟದಿಂದ ಇದನ್ನು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ ಸಹಿ ಸಂಗ್ರಹ ಶುರು ಮಾಡಿದರು. ಎರಡು ವಾರವೂ ಆಗುವ ಮೊದಲು 2 ಲಕ್ಷ ದಾಟಿತು. ಶಾಲೆಗಳಿಗಾಗಿ ಸುಮಾರು 32 ಲಕ್ಷ ಕಿಲೋ ಕೊಳ್ಳಲು ಹೊರಟಿದ್ದ ಕೃಷಿ ಇಲಾಖೆ ಮಾರ್ಚ್ 15ರಂದು, ಬೇಕಾದವರು ತಗೊಳ್ಳಿ ಬೇಡದವರು ಬಿಡಿ ಅಂದಿತು. ಮುಂದಿನ ವಾರ ದೊಡ್ಡ ಸೂಪರ್ ಮಾರ್ಕೆಟ್ ಸರಣಿಗಳು ಒಂದಾದ ಮೇಲೊಂದು ಕೈಬಿಟ್ಟವು.

ಎಲ್ಲ ಕಡೆ ಹರಿದಾಡಿದ ಒಂದು ಫೋಟೋ ನಿಮಗೂ ನೆನಪಿರಬಹುದು. ಯಂತ್ರದ ಬಾಯಿಂದ ಐಸ್‌ಕ್ರೀಮ್ ತರಹ ಸುರುಳಿ ಸುರುಳಿಯಾಗಿ ಬೀಳುವ ಗುಲಾಬಿ ಪೇಸ್ಟ್. ಅದು ಈ ಮಾಂಸವೇ ಅಲ್ಲ. ಯಂತ್ರದಿಂದ ಮೂಳೆ ಬಿಡಿಸಿದ ಕೋಳಿ ಮಾಂಸ ಅದು. ಬೇರೆ ಪ್ರಾಣಿ, ಬೇರೆ ವಿಧಾನ. ತಿದ್ದಲು ಹೋದವರ ಮಾತನ್ನು ಆಗ ಯಾರು ಕೇಳುತ್ತಾರೆ?

ಕಂಪನಿ ಏನು ಮಾಡಿತು

ವಿಜ್ಞಾನ ಹೇಳಿತು. ಅಮೋನಿಯಾ ಮಾಂಸದಲ್ಲಿ ಸಹಜವಾಗಿಯೇ ಇರುತ್ತದೆ, ಚೀಸ್‌ನಲ್ಲೂ ಇರುತ್ತದೆ, ನಮ್ಮ ಮೈಯೂ ತಯಾರಿಸುತ್ತದೆ. ಎಲ್ಲ ನಿಜ. ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ನಮ್ಮ ಮೇಲೆ ಸುಳ್ಳಿನ ದಾಳಿ ನಡೆದಿದೆ ಅಂದಿತು. ಮಾರ್ಚ್ 26ರಂದು ಟೆಕ್ಸಾಸ್, ಕಾನ್ಸಾಸ್, ಅಯೋವಾ ರಾಜ್ಯಗಳ ಕಾರ್ಖಾನೆ ನಿಲ್ಲಿಸಿತು. ಮಾರ್ಚ್ 29ರಂದು ಮೂರು ರಾಜ್ಯಗಳ ಗವರ್ನರ್‌ಗಳು ನೆಬ್ರಾಸ್ಕಾದಲ್ಲಿ ಉಳಿದಿದ್ದ ಕಾರ್ಖಾನೆಗೆ ಬಂದು, ಕ್ಯಾಮೆರಾ ಮುಂದೆ ಬರ್ಗರ್ ತಿಂದರು. 'ಅಪ್ಪಾ, ಇದು ಬೀಫೇ' ಅನ್ನುವ ಅರ್ಥದ ಟೀ ಶರ್ಟ್‌ಗಳೂ ಬಂದವು.

ಗವರ್ನರ್ ಬರ್ಗರ್ ತಿನ್ನುವುದನ್ನು ನೋಡಿ ಯಾವ ತಾಯಿಗೆ ಸಮಾಧಾನ ಆಗುತ್ತದೆ? ಅವರ ಪ್ರಶ್ನೆ ಬೇರೆ ಇತ್ತು. ಇಷ್ಟು ವರ್ಷ ನನ್ನ ಮಗುವಿಗೆ ಏನು ತಿನ್ನಿಸಿದಿರಿ, ನನಗೆ ಯಾಕೆ ಹೇಳಲಿಲ್ಲ ಅನ್ನುವುದು. ಇದು ಬೀಫೇ ಅನ್ನುವುದು ಆ ಪ್ರಶ್ನೆಗೆ ಉತ್ತರ ಅಲ್ಲ.

ಕಂಪನಿಯ ಪರ ನಿಂತವರಲ್ಲಿ ಒಬ್ಬರ ಮಾತಿಗೆ ಮಾತ್ರ ನಿಜವಾದ ತೂಕ ಇತ್ತು. ಇ. ಕೋಲಿಯಿಂದ ಮಗುವನ್ನು ಕಳೆದುಕೊಂಡು, ಆಮೇಲೆ ಆಹಾರ ಸುರಕ್ಷತೆಗೆ ಹೋರಾಡಿದ ತಾಯಿ ಅವರು. ಈ ಕಂಪನಿ ರೋಗಾಣು ವಿಷಯದಲ್ಲಿ ಬೇರೆಯವರಿಗಿಂತ ಜಾಸ್ತಿ ಮಾಡಿದೆ ಅಂದರು. ಒಂದು ಕಡೆ ಸಹಿ ಸಂಗ್ರಹಿಸಿದ ತಾಯಿ, ಇನ್ನೊಂದು ಕಡೆ ಮಗುವನ್ನು ಕಳೆದುಕೊಂಡ ತಾಯಿ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಕೇಳುತ್ತಿದ್ದದ್ದು ಹಕ್ಕು, ಇನ್ನೊಬ್ಬರು ಹೇಳುತ್ತಿದ್ದದ್ದು ಅಪಾಯದ ಲೆಕ್ಕ.

ಏನಾಯಿತು

ಮೇ ತಿಂಗಳಲ್ಲಿ ಮೂರು ಕಾರ್ಖಾನೆಗಳನ್ನು ಮುಚ್ಚಿದರು. ಸುಮಾರು 650 ಜನರ ಕೆಲಸ ಹೋಯಿತು. ವಾರಕ್ಕೆ ಸುಮಾರು 22 ಲಕ್ಷ ಕಿಲೋ ಇದ್ದ ಮಾರಾಟ 9 ಲಕ್ಷ ಕಿಲೋಗಿಂತ ಕೆಳಗೆ ಬಂತು ಅಂತ ಕಂಪನಿ ಆಮೇಲೆ ಕೋರ್ಟಿಗೆ ಹೇಳಿತು. ಪೆನ್ಸಿಲ್ವೇನಿಯಾದ ಒಂದು ಕೀಮಾ ಕಂಪನಿ ಏಪ್ರಿಲ್‌ನಲ್ಲೇ ದಿವಾಳಿ ಅರ್ಜಿ ಹಾಕಿತ್ತು.

ಶಾಲೆಗಳಿಗೆ ಆಯ್ಕೆ ಕೊಟ್ಟ ಮೊದಲ ವರ್ಷ ಈ ಮಾಂಸ ಇರಬಹುದಾದ ಕೀಮಾ ಬೇಕು ಅಂದದ್ದು ಮೂರೇ ರಾಜ್ಯಗಳು: ಅಯೋವಾ, ನೆಬ್ರಾಸ್ಕಾ, ಸೌತ್ ಡಕೋಟಾ. ಮೂರೂ ಕಂಪನಿಯ ಆಸುಪಾಸಿನವೇ. 2013ರಲ್ಲಿ ಇನ್ನೂ ನಾಲ್ಕು ಸೇರಿದವು. ಬೀಫ್ ಬೆಲೆ ಏರುತ್ತಿತ್ತು ಅಲ್ವಾ.

2012ರ ಸೆಪ್ಟೆಂಬರ್‌ನಲ್ಲಿ ಕಂಪನಿ ಚಾನೆಲ್ ಮೇಲೆ 120 ಕೋಟಿ ಡಾಲರ್‌ಗೆ ಮೊಕದ್ದಮೆ ಹೂಡಿತು. ಮೊಕದ್ದಮೆ ನಡೆದ ಸೌತ್ ಡಕೋಟಾದಲ್ಲಿ ಒಂದು ಕಾನೂನಿದೆ. ಆಹಾರ ಪದಾರ್ಥವೊಂದು ಸುರಕ್ಷಿತವಲ್ಲ ಅಂತ, ಅದು ಸುಳ್ಳು ಅನ್ನುವುದು ಗೊತ್ತಿದ್ದೂ ಹೇಳಿದರೆ ನಷ್ಟದ ಮೂರು ಪಟ್ಟು ಕಟ್ಟಬೇಕು. ವಿಚಾರಣೆಯ ಹೊತ್ತಿಗೆ ಕಂಪನಿ ಹೇಳುತ್ತಿದ್ದ ನಷ್ಟ 190 ಕೋಟಿ ಡಾಲರ್‌ಗೆ ಏರಿತ್ತು, ಹಾಗಾಗಿ ಹಣದ ಲೆಕ್ಕ 570 ಕೋಟಿ ಡಾಲರ್‌ವರೆಗೂ ಹೋಗಬಹುದಿತ್ತು. 2017ರ ಜೂನ್‌ನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ರಾಜಿಯಾಯಿತು. ಮೊತ್ತ ಹೇಳಲಿಲ್ಲ. ಆದರೆ ಚಾನೆಲ್‌ನ ಮಾತೃ ಕಂಪನಿಯ ಲೆಕ್ಕಪತ್ರದಲ್ಲಿ ಮೊಕದ್ದಮೆಯ ಖರ್ಚು ಅಂತ 17.7 ಕೋಟಿ ಡಾಲರ್ ಕಾಣಿಸಿತು. ಚಾನೆಲ್ ತಪ್ಪಾಯಿತು ಅನ್ನಲಿಲ್ಲ, ವರದಿ ಹಿಂತೆಗೆಯಲಿಲ್ಲ. ಇಷ್ಟು ದುಡ್ಡು ಸುಮ್ನೆ ಕೊಡುತ್ತಾರಾ ಅಂತ ಕಂಪನಿಯ ಕಡೆಯವರು ಕೇಳಬಹುದು. ನ್ಯಾಯಮಂಡಳಿಯ ತೀರ್ಪು ಮಾತ್ರ ಬರಲೇ ಇಲ್ಲ, ಹಾಗಾಗಿ ಯಾರು ಗೆದ್ದರು ಅಂತ ಹೇಳುವುದು ಸರಿಯಲ್ಲ.

ಕಲಿಯಬಹುದಾದದ್ದು

ಇದೇ ಬಗೆಯ ಮಾಂಸ ಮಾಡುತ್ತಿದ್ದ ಇನ್ನೊಂದು ದೊಡ್ಡ ಕಂಪನಿಯೂ ಇತ್ತು. ಅದು ಅಮೋನಿಯಾ ಬದಲು ಸಿಟ್ರಿಕ್ ಆಮ್ಲ ಬಳಸುತ್ತಿತ್ತು. ಅದರ ಮಾರಾಟವೂ ಬಿತ್ತು. ಜನಕ್ಕೆ ಅಮೋನಿಯಾ ಒಂದೇ ತೊಂದರೆ ಆಗಿದ್ದರೆ ನಿಂಬೆಹಣ್ಣಿನ ಹುಳಿಗೆ ಏಕೆ ಹೆದರಬೇಕಿತ್ತು? ಆ ಕಂಪನಿ ಬೇರೆ ದಾರಿ ಹಿಡಿಯಿತು. ಸಾವಿರಾರು ಗ್ರಾಹಕರನ್ನು ಕೇಳಿತು. ನೀವು ಇದನ್ನು ಬಳಸುತ್ತಿದ್ದರೆ ಪೊಟ್ಟಣದ ಮೇಲೆ ಬರೆಯಿರಿ ಅನ್ನುವುದೇ ಉತ್ತರ. 2014ರಿಂದ ತನ್ನ ಕೀಮಾದ ಮೇಲೆ ಇದು ಸೇರಿದೆ ಅಂತ ಬರೆಯಲು ಶುರು ಮಾಡಿತು. ವ್ಯಾಪಾರ ಮುಳುಗಲಿಲ್ಲ. ಲೇಬಲ್ ಹಾಕಿದರೆ ಯಾರೂ ಕೊಳ್ಳುವುದಿಲ್ಲ ಅನ್ನುವ ಭಯದಲ್ಲಿ ಉದ್ಯಮ ಇಪ್ಪತ್ತು ವರ್ಷ ಕಳೆದಿತ್ತು.

ಪತ್ರಕರ್ತರಿಗೆ ಈ ಪ್ರಕರಣ ಬೇರೆಯದೇ ಹೇಳುತ್ತದೆ. 2009ರ ಪತ್ರಿಕೆಯ ವರದಿಯೂ 2012ರ ಟಿವಿ ವರದಿಯೂ ಒಂದೇ ಮಾಂಸದ ಬಗ್ಗೆ. ಮೊದಲನೆಯದು ಪರೀಕ್ಷೆಯ ಫಲಿತಾಂಶ ಹಿಡಿದು ಇಲಾಖೆಯನ್ನು ಕೇಳಿತು, ತಪಾಸಣೆ ಬದಲಾಯಿತು. ಎರಡನೆಯದು ಅಸಹ್ಯ ಹುಟ್ಟಿಸಿತು, ಕಾರ್ಖಾನೆ ಮುಚ್ಚಿತು. ಆದರೆ ಜನ ತಿನ್ನುವ ಕೀಮಾ ಅದರಿಂದ ಹೆಚ್ಚು ಸುರಕ್ಷಿತವಾಯಿತು ಅನ್ನುವಂತಿಲ್ಲ. ಅಸಹ್ಯಕ್ಕೂ ಅಪಾಯಕ್ಕೂ ಎಷ್ಟು ದೂರ ಅಂತ ನೋಡಬೇಕಾದರೆ ಸಾಸೇಜ್, ಹ್ಯಾಮ್, ಬೇಕನ್ ನೋಡಿ. ಅವು ಕೆಡದಂತೆ ಹಾಕುವ ನೈಟ್ರೈಟ್ ಲೇಬಲ್ ಮೇಲೆ ಬರೆದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18ರಷ್ಟು ಏರುತ್ತದೆ ಅಂದಿತು. ಎರಡು ದಿನ ಸುದ್ದಿ ಆಯಿತು. ಬೇಕನ್ ಕಾರ್ಖಾನೆಗಳು ಮೂರು ವಾರದಲ್ಲಿ ಮುಚ್ಚಲಿಲ್ಲ.

ಇದನ್ನು ಹಿಡಿದು ಜನರಿಗೆ ಬುದ್ಧಿಯಿಲ್ಲ ಅನ್ನುವವರು ಉದ್ಯಮದಲ್ಲಿ ಬಹಳ ಇದ್ದಾರೆ. ನಾನು ಒಪ್ಪುವುದಿಲ್ಲ. ಬೇಕನ್ ತಿನ್ನುವವನು ಗೊತ್ತಿದ್ದೇ ತಿನ್ನುತ್ತಾನೆ. ಕೀಮಾ ಕೊಂಡವಳಿಗೆ ಗೊತ್ತಿರಲಿಲ್ಲ. ಅಪಾಯವನ್ನು ತಾನೇ ಆರಿಸಿಕೊಳ್ಳುವುದಕ್ಕೂ ಬೇರೆಯವರು ಹೇಳದೆ ತಲೆಗೆ ಕಟ್ಟುವುದಕ್ಕೂ ಇರುವ ಅಂತರ ಪ್ರಯೋಗಾಲಯದ ವರದಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ಅಧಿಕಾರಿಗಳ ಪಾಲಿಗೆ ಉಳಿದದ್ದು ಇನ್ನೊಂದು ವಿಷಯ. 2018ರ ಡಿಸೆಂಬರ್‌ನಲ್ಲಿ ಕಂಪನಿಯ ಕೋರಿಕೆಯ ಮೇಲೆ ಕೃಷಿ ಇಲಾಖೆ ತಯಾರಿಕೆಯನ್ನು ಮತ್ತೆ ಪರಿಶೀಲಿಸಿತು. ಕಂಪನಿ ಆಗ ತಯಾರಿಸುತ್ತಿದ್ದ ಮಾಂಸವನ್ನು ಕೀಮಾದಲ್ಲಿ ಬೆರೆಸುವುದಿರಲಿ, ಅದಕ್ಕೇ ನೇರವಾಗಿ 'ಕೀಮಾ' ಅಂತ ಹೆಸರು ಹಾಕಬಹುದು ಅಂತ ತೀರ್ಮಾನಿಸಿತು. ನಿಯಮದ ಪ್ರಕಾರ ಇರಬಹುದು. ಆದರೆ 2002ರ ಆ ಇಮೇಲ್ ಕೇಳಿದ ಪ್ರಶ್ನೆಗೆ ಇಲಾಖೆ ಕೊಟ್ಟ ಉತ್ತರ ಹದಿನಾರು ವರ್ಷದ ನಂತರವೂ ಅದೇ. ಇನ್ನೊಬ್ಬ ತಾಯಿ ಇನ್ನೊಂದು ಸಹಿ ಸಂಗ್ರಹ ಶುರು ಮಾಡುವುದಕ್ಕೆ ಬೇಕಾದದ್ದೆಲ್ಲ ಹಾಗೇ ಇದೆ.